ಮೂರು ಹತ್ತಕ್ಕೆ ನಿಂತ ಗಡಿಯಾರ

"ಪತ್ರ ಇಲ್ಲ!"

ಎಂಬತ್ತರ ನೋರಾ ಅಜ್ಜಿಯ ಕೂಗು ಹಾಲ್ ತುಂಬಾ ಕೇಳಿತು. ಸಹಾಯಕ್ಕೆಂದು ಬಂದು ಅಡುಗೆಮನೆಯಲ್ಲಿ ಟೀ ಕಪ್ಪು ಜೋಡಿಸುತ್ತಿದ್ದ ಚಂದ್ರಪ್ರಭಾ ಓಡಿ ಬಂದರು. ಆಳೆತ್ತರದ ಗಡಿಯಾರದ ಬಾಗಿಲು ತೆರೆದಿತ್ತು. ಒಳಗೆ, ಲೋಲಕದ ಹಿಂದೆ ಸಿಕ್ಕಿಸಿದ್ದ ಹಳೆಯ ದಾನಪತ್ರ ಮಾಯವಾಗಿತ್ತು.

ಅದು 2007ರ ಮಾರ್ಚ್ ಕೊನೆಯ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಗ್ಲೆನ್‌ಬ್ರೈಡ್ ಎಂಬುದು ಆಸ್ಟ್ರೇಲಿಯಾದ ಮೆಲ್ಬರ್ನ್ ಹತ್ತಿರ, ವೆರಿಬೀಯಿಂದಾಚೆ ಇರುವ ಪುಟ್ಟ ಊರು. ಆಲೂಗಡ್ಡೆ ಬೆಳೆಯಲು ಬಂದ ಐರಿಷ್ ಜನ ಕಟ್ಟಿದ್ದು. ಹನ್ನೊಂದಕ್ಕೆ ಅವರ ಪರಂಪರೆಯ ದಿನಾಚರಣೆ ಶುರುವಾಗಬೇಕಿತ್ತು. ಈ ಹಾಲ್ ಮಾರಕೂಡದು, ಊರಿಗೆ ಹೊಸದಾಗಿ ಬಂದವರಿಗೆಲ್ಲ ತೆರೆದಿರಬೇಕು ಎಂದು ಆ ಪತ್ರದಲ್ಲಿತ್ತು. ಇಲ್ಲಿ ಶನಿವಾರದ ಕನ್ನಡ ತರಗತಿ ನಡೆಯುತ್ತಿದ್ದುದೂ ಅದರ ದಯೆಯಿಂದಲೇ. ಬೇರೆ ಪ್ರತಿ ಇರಲಿಲ್ಲ. ಹಾಲ್ ಕೆಡವಿ ಮಾಲ್ ಕಟ್ಟುವವರು ಆಗಲೇ ಬಾಯಿ ಬಿಟ್ಟುಕೊಂಡು ಕಾದಿದ್ದರು.

* * *

"ಹಾಲ್ ಬಾಗಿಲ ಬೀಗ ಒಡೆದಿಲ್ಲ. ಕೀ ಯಾರ ಹತ್ತಿರ ಇದೆ?" ಫೋನ್ ಮಾಡಿದ ಮೇಲೆ ಬಂದ ಕಾನ್‌ಸ್ಟೇಬಲ್ ರಾಯನ್ ಕೇಳಿದ.

"ನನ್ನ ಹತ್ತಿರ ಒಂದು. ಕೃಪಾ ಹತ್ತಿರ ಒಂದು," ಎಂದಳು ನೋರಾ.

ಕೃಪಾ ಕನ್ನಡ ತರಗತಿಯ ಟೀಚರ್. ದಾವಣಗೆರೆಯಿಂದ ಓದಲು ಬಂದವಳು, ಈಗ ವೃದ್ಧಾಶ್ರಮದಲ್ಲಿ ಕೆಲಸ. ಡ್ಯೂಟಿ ಮುಗಿಸಿ ಬಾಗಿಲಿಗೆ ರಂಗೋಲಿ ಹಾಕಲೆಂದು ನೇರ ಇಲ್ಲಿಗೆ ಬಂದಿದ್ದಳು. ಬೆರಳಿಗೆ ಇನ್ನೂ ರಂಗೋಲಿ ಪುಡಿ ಅಂಟಿತ್ತು.

"ನಿನ್ನೆ ನಾಲ್ಕಕ್ಕೆ ಪಾಠ ಮುಗಿಸಿ ಲಾಕ್ ಮಾಡಿದೆ. ರಾತ್ರಿ ಹತ್ತಕ್ಕೆ ಡ್ಯೂಟಿ. ಟೈಮ್ ಹಿಂದಕ್ಕೆ ಹೋಯ್ತಲ್ಲ, ಒಂದು ಗಂಟೆ ಜಾಸ್ತಿನೇ ದುಡಿದು ಎಂಟಕ್ಕೆ ಹೊರಗೆ ಬಂದೆ."

ನಿಜ. ಬೇಸಿಗೆಯ ಸಮಯ ಮುಗಿದು, ಮೆಲ್ಬರ್ನ್, ಸಿಡ್ನಿಗಳಲ್ಲಿ ಆ ರಾತ್ರಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರು.

"ಸಂಜೆ ನಾಲ್ಕರಿಂದ ಹತ್ತರವರೆಗೆ?"

"ಮನೇಲಿ ಮಲಗಿದ್ದೆ. ಒಬ್ಬಳೇ."

ರಾಯನ್ ಬರೆದುಕೊಂಡ. "ಸ್ಟೇಷನ್‌ಗೆ ಬರಬೇಕಾಗುತ್ತೆ."

ಕೃಪಾ ಚಂದ್ರಪ್ರಭಾರ ಕೈ ಹಿಡಿದುಕೊಂಡಳು. "ಆಂಟಿ, ಕೇಸ್ ಆದ್ರೆ ನನ್ನ ಪಿಆರ್ ಮುಗೀತು, ಇಲ್ಲಿ ಖಾಯಂ ಇರೋಕೆ ಬಿಡಲ್ಲ. ಆರು ವರ್ಷ ಆಂಟಿ! ಆರು ವರ್ಷ ಇದಕ್ಕೇ ಕಾದಿದ್ದೀನಿ."

ಹೊರಗೆ ಫೋನಿನಲ್ಲಿದ್ದ ಸಂಪತ್ ಆಗ ಒಳಬಂದ. ರಿಯಲ್ ಎಸ್ಟೇಟ್ ಏಜೆಂಟ್. ಕನ್ನಡ ತರಗತಿ ಶುರು ಮಾಡಿಸಿದವನೂ ಅವನೇ; ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದ.

"ಪಾಪ, ಏನೋ ತಪ್ಪು ಮಾಡಿದಾಳೆ. ಬೇಗ ಕಳಿಸಿಬಿಡಿ ಆಂಟಿ. ಇನ್ನು ಇಪ್ಪತ್ತು ನಿಮಿಷಕ್ಕೆ ಜನ ಬಂದ್ಬಿಡ್ತಾರೆ, ನಮ್ಮ ಕನ್ನಡದವರ ಮರ್ಯಾದೆ ಹೋಗುತ್ತೆ."

ಚಂದ್ರಪ್ರಭಾ ತಮ್ಮ ವಾಚ್ ನೋಡಿಕೊಂಡರು. ಒಂಬತ್ತು ನಲವತ್ತು. ಮೈಸೂರಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಕಲಿಸಿದವರು. ಲೆಕ್ಕ ಮುಗಿಯುವ ಮೊದಲೇ ಕೈ ಎತ್ತುವವರನ್ನು ಕಂಡರೆ ಅವರಿಗೆ ಆಗದು.

* * *

ಟಿಕ್. ಟಿಕ್.

"ನೋರಾ, ಈ ಗಡಿಯಾರ ಓಡ್ತಿದೆ!" ಎಂದರು ಚಂದ್ರಪ್ರಭಾ.

ನೋರಾಳ ಮುಖ ಬಿಳಿಚಿತು. "ಸಾಧ್ಯವೇ ಇಲ್ಲ. ನಮ್ಮಪ್ಪ ಈ ಹಾಲ್ ನೋಡಿಕೊಳ್ತಿದ್ದ. ಅರವತ್ತೊಂದರಲ್ಲಿ ಇಲ್ಲೇ ಸತ್ತ. ಸಾವಾದಾಗ ಗಡಿಯಾರ ನಿಲ್ಲಿಸೋದು, ಮಣ್ಣು ಮಾಡಿ ಬಂದ ಮೇಲೆ ಓಡಿಸೋದು ನಮ್ಮ ಪದ್ಧತಿ. ನಿಲ್ಲಿಸಿದೆ. ಓಡಿಸೋಕೆ ಮನಸ್ಸು ಬರಲಿಲ್ಲ. ಅವತ್ತಿಂದ ಮೂರು ಹತ್ತಕ್ಕೇ ನಿಂತಿತ್ತು."

ಮುಳ್ಳು ಈಗ ಐದು ಹತ್ತು ತೋರಿಸುತ್ತಿತ್ತು.

"ಪತ್ರ ತೆಗೀಬೇಕಾದ್ರೆ ಲೋಲಕ ಪಕ್ಕಕ್ಕೆ ತಳ್ಳಲೇಬೇಕು," ಎಂದರು ಚಂದ್ರಪ್ರಭಾ. "ಕಳ್ಳ ತಳ್ಳಿ ಬಿಟ್ಟ. ಗಡಿಯಾರ ಹೊರಟಿತು. ಓಡಿರೋದು ಎರಡು ಗಂಟೆ. ಕಳ್ಳತನ ಆಗಿದ್ದು ಇವತ್ತು ಏಳು ನಲವತ್ತಕ್ಕೆ."

"ಮುಳ್ಳು ಇನ್ನೊಂದು ಪೂರ್ತಿ ಸುತ್ತು ಹಾಕಿದ್ರೆ ಹದಿನಾಲ್ಕು ಗಂಟೆಯೂ ಓಡಿರಬಹುದು. ನಿನ್ನೆ ಸಂಜೆಯಿಂದ," ಎಂದ ರಾಯನ್. ದಡ್ಡನಲ್ಲ.

"ತೂಕದ ಗುಂಡು ನೋಡಿ. ಎಂಟು ದಿನಕ್ಕೆ ತಳ ಮುಟ್ಟೋ ಗುಂಡು. ಹಿಂದೆ ಧೂಳಿನ ಗುರುತು ಇದೆಯಲ್ಲ, ಅಲ್ಲಿಂದ ಬರೀ ಒಂದು ಬೆರಳಗಲ ಇಳಿದಿದೆ. ಹದಿನಾಲ್ಕು ಗಂಟೆ ಆಗಿದ್ರೆ ಅಂಗೈ ಅಗಲ ಇಳೀತಿತ್ತು."

ರಾಯನ್ ಬಗ್ಗಿ ನೋಡಿದ. ವೃದ್ಧಾಶ್ರಮಕ್ಕೆ ಫೋನ್ ಮಾಡಿದ. ಕೃಪಾ ಎಂಟರವರೆಗೂ ಅಲ್ಲೇ ಇದ್ದಳು. ಅವಳು ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟಳು.

"ಹಾಗಾದ್ರೆ ಬಂದವರು ಯಾರು?" ಸಂಪತ್ ಹುಬ್ಬೇರಿಸಿದ. "ನಾನಂತೂ ನಿನ್ನೆ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಮೀಟಿಂಗ್ ಮುಗಿಸಿ, ಇವತ್ತು ಅಲ್ಲಿಂದ ಆರರ ಫ್ಲೈಟ್‌ಗೆ ಬಂದೆ. ಏಳು ನಲವತ್ತಕ್ಕೆ ಇನ್ನೂ ಏರ್‌ಪೋರ್ಟ್‌ನಲ್ಲಿದ್ದೆ."

"ಕೃಪಾಗೆ ಕೀ ತಂದುಕೊಟ್ಟಿದ್ದು ನೀನೇ ಅಲ್ವಾ? ಇರಲಿ. ಈಗ ಟೈಮ್ ಎಷ್ಟಪ್ಪಾ?" ಚಂದ್ರಪ್ರಭಾ ಕೇಳಿದರು.

ಸಂಪತ್ ವಾಚ್ ನೋಡಿದ. "ಹತ್ತು ಐವತ್ತೈದು."

ರಾಯನ್ ನಿಧಾನವಾಗಿ ವಾಚ್ ಕಟ್ಟಿದ ತನ್ನ ಕೈಯನ್ನು ಮುಂದೆ ಚಾಚಿ ತೋರಿಸಿದ. ಒಂಬತ್ತು ಐವತ್ತೈದು.

"ಇವತ್ತು ವಿಮಾನ ಹತ್ತಿದವರಿಗೆ ಟೈಮ್ ಬದಲಾಗಿದ್ದು ಗೊತ್ತಾಗದೇ ಇರುತ್ತಾ?" ಚಂದ್ರಪ್ರಭಾರ ದನಿ ಗಟ್ಟಿಯಾಯಿತು. "ಏರ್‌ಪೋರ್ಟ್‌ನಲ್ಲಿ ಹೆಜ್ಜೆಗೊಂದು ಗಡಿಯಾರ. ನಿನ್ನ ವಾಚ್ ಇನ್ನೂ ನಿನ್ನೆಯ ಟೈಮಲ್ಲೇ ಇದೆ. ನೀನು ನಿನ್ನೆಯೇ ವಾಪಸ್ ಬಂದಿದ್ದೀಯ."

"ಬೋರ್ಡಿಂಗ್ ಪಾಸ್ ತೋರಿಸ್ತೀರಾ?" ಎಂದ ರಾಯನ್.

ಸಂಪತ್ ಬೆವರಿದ. ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗೆ ಅವುಚಿಕೊಂಡ. ಅಷ್ಟೇ ಸಾಕಾಯಿತು. ಬ್ಯಾಗಿನಲ್ಲಿ, ಮಾಲ್ ಕಂಪನಿಯ ಕಾಗದಗಳ ನಡುವೆ, ಹಳದಿಗಟ್ಟಿದ ದಾನಪತ್ರ ಸಿಕ್ಕಿತು. ಕೃಪಾಗೆ ಕೊಡುವ ಮೊದಲೇ ಕೀಗೆ ಇನ್ನೊಂದು ನಕಲು ಮಾಡಿಸಿದ್ದ. ಹಾಲ್ ಮಾರಿಸಿಕೊಡುತ್ತೇನೆಂದು ಮಾಲ್‌ನವರಿಗೆ ಮಾತು ಕೊಟ್ಟಿದ್ದ.

"ತಪ್ಪು ನನ್ನ ಮೇಲೆ ಹೊರಿಸೋಕೆ ನಿಮಗೆ ಹೇಗೆ ಮನಸ್ಸು ಬಂತು?" ಕೃಪಾ ಕೇಳಿದಳು. ಸಂಪತ್ ನೆಲ ನೋಡುತ್ತಾ ರಾಯನ್ ಹಿಂದೆ ನಡೆದ.

* * *

ಪತ್ರ ಮತ್ತೆ ತನ್ನ ಜಾಗಕ್ಕೆ ಹೋಯಿತು. ಲೋಲಕ ನಿಲ್ಲಿಸಲು ಚಂದ್ರಪ್ರಭಾ ಕೈ ಚಾಚಿದರು. "ಮೂರು ಹತ್ತಕ್ಕೆ ಇಡಲಾ?"

ನೋರಾ ಗಡಿಯಾರದ ಮರವನ್ನು ಒಮ್ಮೆ ಸವರಿದಳು. ಅವಳ ಕಣ್ಣು ತುಂಬಿತ್ತು.

"ಬೇಡ. ಅಪ್ಪನನ್ನು ಮಣ್ಣು ಮಾಡಿ ನಲವತ್ತಾರು ವರ್ಷ ಆಯ್ತು." ಗಡಿಯಾರದ ಕೀಯನ್ನು ಕೃಪಾಳ ಅಂಗೈಯಲ್ಲಿಟ್ಟಳು. "ವಾರಕ್ಕೊಮ್ಮೆ ಕೀ ಕೊಡಬೇಕು. ಶನಿವಾರ ಹೇಗೂ ಬರ್ತೀಯಲ್ಲ."

ಕೃಪಾ ಕಣ್ಣೊರೆಸಿಕೊಂಡಳು. ವಾಚ್ ಎರಡು ಸಲ ನೋಡಿ, ಮುಳ್ಳನ್ನು ಹತ್ತು ಇಪ್ಪತ್ತಕ್ಕೆ ತಿರುಗಿಸಿದಳು.