ಕಿಟಕಿಯ ಡೊಂಕು ಸರಳು

ತೀರಿಕೊಂಡ ನೀಲಕ್ಕನ ಶಿವಗಣಾರಾಧನೆಗೆ ಒಂದು ದಿನ ಉಳಿದಿತ್ತು. ಅಣ್ಣಿಗೇರಿಯ ಸ್ಟುಡಿಯೋದಿಂದ ಚೌಕಟ್ಟು ಹಾಕಿಸಿದ ಫೋಟೋ ಬಂತು. ಹಾಳೆ ಬಿಚ್ಚಿದೆ. ನಲವತ್ತೊಂದು ವರ್ಷ ನನ್ನ ಜೊತೆ ಬಾಳಿದ ಹೆಂಡತಿಯ ಮುಖ ಅದರಲ್ಲಿರಲಿಲ್ಲ. ಸೀರೆ ಅವಳದೇ, ಹಣೆಯ ವಿಭೂತಿಯೂ ಅವಳದೇ. ತುಂಬಿದ ದುಂಡು ಮುಖ ಮಾತ್ರ ಸಣ್ಣದಾಗಿತ್ತು.

ಅವಳದೆಂದು ಇದ್ದದ್ದು ಅದೊಂದೇ ಫೋಟೋ. ಕ್ಯಾಮರಾ ಕಂಡರೆ ಸೆರಗು ಎಳೆದುಕೊಳ್ಳುವ ಸ್ವಭಾವ. ಆಧಾರ ಕಾರ್ಡು ತೋರಿಸಿ, ಇದು ಯಾರ ಅವ್ವನೋ ಏನೋ ಎಂದು ತಾನೇ ನಗುತ್ತಿದ್ದಳು. ಮೂಲ ಫೋಟೋ ಅವಳ ವಚನದ ಪುಸ್ತಕದಲ್ಲಿರುತ್ತಿತ್ತು. ಅದು ಸ್ಟುಡಿಯೋಕ್ಕೆ ಹೋಗಿತ್ತು; ಬೇರೆ ಪ್ರತಿ ಹುಡುಕಿದೆ—ಇಲ್ಲ. ನಾಳೆ ಯಾರ ಮುಖಕ್ಕೆ ಹೂವು ಏರಿಸಲಿ?

ಶಲವಡಿಯಿಂದ ತಂಗಿ ಮಹಾನಂದಾಳನ್ನು ಕರೆಸಿದೆ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳು. ಊರವರಿಗೆಲ್ಲ ಅವಳು ಅಕ್ಕೋರು. ಕಾಪಿ ಮಾಡಿದ ಹುಡುಗರನ್ನು ಉತ್ತರ ಪತ್ರಿಕೆ ನೋಡಿಯೇ ಹಿಡಿಯುತ್ತಿದ್ದಳು.

ಮೊದಲ ಸಂಶಯ ಸೊಸೆ ರೋಹಿಣಿಯ ಮೇಲೆ. ಫೋನಿನಲ್ಲಿ ತನ್ನ ಮುಖ ಸಣ್ಣ ಮಾಡಿಕೊಳ್ಳುವ ಚಟ ಅವಳಿಗಿತ್ತು. ಪುಸ್ತಕದಿಂದ ಫೋಟೋ ತೆಗೆದು ಸ್ಟುಡಿಯೋಕ್ಕೆ ಕೊಟ್ಟು ಬಂದವಳೂ ಅವಳೇ.

“ನನ್ನ ಗಲ್ಲ ನಾ ಸಣ್ಣ ಮಾಡ್ಕೊತೇನಿ, ಖರೇ ಐತ್ರಿ ಅಕ್ಕೋರ. ಅತ್ತಿಯವರ ಗಲ್ಲಕ್ಕ ಕೈ ಹಚ್ಚಿಲ್ಲ. ಪುಸ್ತಕದಾಗ ಇದ್ದದ್ದನ್ನ ಒಯ್ದು ಕೊಟ್ಟೇನಿ.”

ಸ್ಟುಡಿಯೋದ ಈರೇಶ ತನಗೆ ಬಂದ ಸಣ್ಣ ಫೋಟೋ ತಂದು ತೋರಿಸಿದ. ಅದರಲ್ಲೂ ಅದೇ ಸಣ್ಣ ಮುಖ.

“ನೀನ ತಿದ್ದಿಲ್ಲೇನಪಾ?” ಮಹಾನಂದಾ ಕೇಳಿದಳು.

“ನಾ ತಿದ್ದಿದ್ರ ಹಿಂದಿನ ಕಿಡಕಿ ಸರಳು ಡೊಂಕ ಬಿಡ್ತಿದ್ನೇನ್ರಿ? ಗಲ್ಲ ಒಳಗ ದೂಡಿದ್ರ ಬಾಜೂಕಿಂದೂ ಅದರ ಕೂಡ ಬರ್ತೈತ್ರಿ. ಕಲಿಯದವರ ಕೆಲಸ ಇದು.”

ಮಹಾನಂದಾ ಕನ್ನಡಕ ಏರಿಸಿದಳು. ಫೂಟಪಟ್ಟಿ ತೆಗೆದು ಫೋಟೋದ ಸರಳುಗಳ ಮೇಲೆ ಒಂದೊಂದಾಗಿ ಇಟ್ಟಳು.

“ಅಣ್ಣಾ, ಈ ಫೋಟೋ ತಗದದ್ದು ಯಾವಾಗ?”

ಹೋದ ಶ್ರಾವಣದಲ್ಲಿ, ಹುಬ್ಬಳ್ಳಿಯಲ್ಲಿ ಎದೆಯ ಆಪರೇಶನ್ ಮುಗಿಸಿಕೊಂಡು ನಾನು ಮನೆಗೆ ಬಂದ ದಿನ ಎಂದೆ.

“ವೈನಿ ದವಡಿ ಬ್ಯಾನಿ ಗೊತ್ತಾದದ್ದು?”

“ಸಂಕ್ರಾಂತಿಗೆ.” ನೀಲಕ್ಕನನ್ನು ಒಯ್ದದ್ದು ಆ ದವಡೆಯ ರೋಗವೇ.

ಅವಳು ನೆರೆಮನೆಯ ಶಮೀಮಾಬಿಯನ್ನು ಕರೆಸಿದಳು. ನೀಲಕ್ಕನಿಗೆ ಒಡಹುಟ್ಟಿದವಳಂತಿದ್ದ ಹೆಂಗಸು.

“ಶಮೀಮಾಬಿ, ವೈನಿ ಎಡಗಲ್ಲ ಯಾವಾಗಿಂದ ಬಾತಿತ್ತು?”

ಶಮೀಮಾಬಿ ನನ್ನನ್ನು ನೋಡಿ ತಲೆ ತಗ್ಗಿಸಿದಳು. “ಅಣ್ಣಾರ ಮುಂದ ಹೇಳಬ್ಯಾಡ ಅಂದಿದ್ಲ್ರಿ.”

ಮಹಾನಂದಾ ನನ್ನತ್ತ ತಿರುಗಿದಳು. “ಚಂದ ಕಾಣ್ಲಿ ಅಂತ ಮಾಡಿದ್ರ ಎರಡೂ ಗಲ್ಲ ಸಣ್ಣ ಮಾಡ್ತಿದ್ರು. ಬಲಗಲ್ಲದ ಬಾಜೂಕಿನ ಸರಳು ನೆಟ್ಟಗ ಅದಾವ. ಎಡಗಲ್ಲದ ಬಾಜೂಕಿನವು ಅಷ್ಟ ಡೊಂಕಾಗ್ಯಾವ. ಶ್ರಾವಣದಾಗನ ಎಡಗಲ್ಲ ಬಾತದ್ದು ಗೊತ್ತಿದ್ದವರ ಕೆಲಸ ಇದು. ನಿನಗ ಗೊತ್ತಿರಲಿಲ್ಲ, ರೋಹಿಣಿಗೂ ಇಲ್ಲ. ಬ್ಯಾನಿ ಉಂಡಾಕಿಗೆ ಗೊತ್ತಿತ್ತು. ಫೋಟೋ ಬದಲ ಮಾಡಿದಾಕಿ ನಿನ್ನ ಹೆಂಡ್ತಿನ, ಅಣ್ಣಾ.”

ಉಳಿದದ್ದನ್ನು ಶಮೀಮಾಬಿ ಹೇಳಿದಳು. ನೀಲಕ್ಕ ಹಾಸಿಗೆ ಹಿಡಿಯುವ ಮುನ್ನ ಶಮೀಮಾಬಿಯ ಸೊಸೆ ಮುಬಶಿರಾಳ ಕೈಯಿಂದ ಫೋನಿನಲ್ಲಿ ಆ ಬಾವು ತೆಗೆಸಿದ್ದಳು. ಕಲಿಯದ ಕೈ, ಕೆನ್ನೆ ಬೇಕಾದದ್ದಕ್ಕಿಂತ ಹೆಚ್ಚು ಒಳಗೆ ಹೋಗಿತ್ತು. ಹೊಸ ಪ್ರತಿಯನ್ನು ಪುಸ್ತಕದಲ್ಲಿಟ್ಟು ಮೂಲವನ್ನು ಗೆಳತಿಗೆ ಕೊಟ್ಟಿದ್ದಳು.

“‘ಅವರ ಎದಿ ಗಾಯ ಹಸೀದಿತ್ತು, ಅದಕ್ಕ ನನ್ನ ಬ್ಯಾನಿ ಹೇಳಲಿಲ್ಲ. ನಾಳೆ ಗ್ವಾಡಿ ಮ್ಯಾಲೆ ಈ ಬಾವು ನೋಡಿ, ತಮ್ಮ ಸಲುವಾಗಿ ಹಿಂಗಾತು ಅಂತ ಕೊರಗಬಾರದು’ ಅಂದ್ಲ್ರಿ.”

ಬಟ್ಟೆಯಲ್ಲಿ ಸುತ್ತಿದ್ದ ಮೂಲ ಫೋಟೋವನ್ನು ನನ್ನ ಕೈಗಿಟ್ಟಳು. ಕಿಟಕಿಯ ಸರಳುಗಳು ನೆಟ್ಟಗಿದ್ದವು. ಎಡಗೆನ್ನೆ ಬಾತಿತ್ತು. ಆ ದಿನ ನಾನೂ ಅದನ್ನು ನೋಡಿದ್ದೆ. ನಾನು ಉಳಿದು ಬಂದ ಸಂತೋಷಕ್ಕೆ ಮುಖ ತುಂಬಿಕೊಂಡಿದೆ ಎಂದುಕೊಂಡಿದ್ದೆ.

ಮರುದಿನ ಅವಳು ಆರಿಸಿದ ಮುಖಕ್ಕೇ ಹೂವು ಏರಿಸಿದೆವು. ಗೋಡೆಯ ಮೇಲೆ ಅದೇ ಇದೆ. ಮೂಲವನ್ನು ವಚನದ ಪುಸ್ತಕದಲ್ಲಿ ಮೊದಲಿನ ಹಾಗೆಯೇ ಇಟ್ಟುಕೊಂಡಿದ್ದೇನೆ. ಪೂಜೆಗೆ ಕೂತಾಗ ಪುಸ್ತಕ ತೆರೆಯುತ್ತೇನೆ.

ಶಿವನೇ, ನನಗಾಗಿ ತನ್ನ ನೋವು ನುಂಗಿದವಳು ನಿನ್ನಲ್ಲಿಗೆ ಬಂದಿದ್ದಾಳೆ. ಅಲ್ಲಿ ಅವಳಿಗೆ ಮುಚ್ಚಿಡಬೇಕಾದ ನೋವು ಯಾವುದೂ ಇಲ್ಲದಿರಲಿ. ನನ್ನ ನೀಲಕ್ಕನಿಗೆ ಶಾಂತಿ ಕೊಡು.