ಎಡಗೈ ಮಡಿಕೆ

"ಇದನ್ನ ಕತ್ತರಿಸಿದ ಕೈ ಯಾರದ್ದು? ಮುಂದೆ ಬರಲಿ."

ಹೊಸಿಲ ಮೇಲೆ ನಿಂತು ಸೆಲ್ವಕನಿ ಕೇಳಿದ ರೀತಿಗೆ ಅಚ್ಚಿನಂಗಡಿಯ ಗರಗಸ ನಿಂತಿತು. ಒಳಗಿದ್ದವನು ತವಮಣಿ ಒಬ್ಬನೇ. ಹಲಗೆಯಲ್ಲಿ ಉಕ್ಕಿನ ಪಟ್ಟಿ ಬಗ್ಗಿಸಿ ಕೂರಿಸಿ, ರಟ್ಟು ಕತ್ತರಿಸುವ ಅಚ್ಚು ಮಾಡುವುದು ಅವನ ಕಸುಬು. ಶಿವಕಾಶಿಯ ಪ್ರೆಸ್ಸಿನವರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅವಳು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ತಾಳೆಮರದ ತಾಟಿನಿಂಗಿನ ಆಕಾರದ ಉಡುಗೊರೆ ಡಬ್ಬಿ. ಗುಂಡನೆಯ ಕಪ್ಪು ಮೈ, ಮೇಲೆ ನಾಲ್ಕು ಎಸಳಿನ ಬಂಗಾರದ ಟೋಪಿ, ಬಿಚ್ಚಿದರೆ ಒಳಗೆ ಮೂರು ಕಣ್ಣಿನಂಥ ಮೂರು ಗೂಡು.

"ನಾನೇ ಕತ್ತರಿಸಿದ್ದು," ಅಂದ ತವಮಣಿ.

"ನಾಚಿಕೆ ಆಗಲ್ವಾ? ಅಡುಗೆಮನೆ ನೆಲದ ಮೇಲೆ ಕೂತು, ಹಳೇ ಕ್ಯಾಲೆಂಡರ್ ರಟ್ಟಲ್ಲಿ ಮಡಿಚಿ ಮಡಿಚಿ ನಾನು ಮಾಡಿದ ಡಬ್ಬಿ ಇದು... ಕದಿಯೋರು ಏನೋ ಒಂಚೂರು ಬದಲಾಯಿಸಿ ಕದೀತಾರೆ. ನೀವು ನನ್ನ ಎಡಗೈ ಮಡಿಕೆ ಸಮೇತ ಎತ್ತಿಕೊಂಡಿದ್ದೀರಲ್ಲ."

ತವಮಣಿಯ ಕಣ್ಣು ಅವಳ ಕೈ ಮೇಲೆ ಹೋಯಿತು. "ನೀವು... ಎಡಚರಾ?"

"ಹೌದು. ಎಡಗೈಲಿ ಕೊಟ್ಟರೂ ಏಟು ಏಟೇ. ನೋಡ್ತೀರಾ?"

ಅವನು ನಕ್ಕುಬಿಟ್ಟ. ಪುಣ್ಯಾತ್ಮ, ನಗೋ ಹೊತ್ತೇ ಅದು?

'ಕದ್ದದ್ದಲ್ಲದೆ ಹಲ್ಲು ಬೇರೆ ಕಿರೀತಾನೆ...' ಕನಿಯ ಮೈಯೆಲ್ಲ ಉರಿದುಹೋಯಿತು.

"ಒಂದು ನಿಮಿಷ ಕೂತ್ಕೊಳ್ಳಿ, ಹೇಳ್ತೀನಿ. ಅಣ್ಣಾಚ್ಚಿ ನನಗೆ..."

"ನಿಮ್ಮ ಜೊತೆ ಕೂತು ಮಾತಾಡೋಕೆ ಬಂದಿಲ್ಲ," ಎಂದು ಅವಳು ಡಬ್ಬಿ ಎತ್ತಿಕೊಂಡು ಹೊರಟೇಹೋದಳು.

ಅಣ್ಣಾಚ್ಚಿ ಅಂದರೆ ಜ್ಞಾನದೊರೈ. ಕನಿ ಡಬ್ಬಿಗಳಿಗೆ ಅಂಟು ಹಚ್ಚುವ ಪ್ರೆಸ್ಸಿನ ಮಾಲೀಕ. ಬೇಸಿಗೆಯಲ್ಲಿ ಅವಳು ತನ್ನ ಡಬ್ಬಿಯನ್ನು ಅವರ ಕೈಗೇ ಕೊಟ್ಟಿದ್ದಳು. ಒಪ್ಪಿಗೆಯಾದರೆ ಅಂಟಿನ ಸಾಲಿನಿಂದ ಎಬ್ಬಿಸಿ ನಮೂನೆ ಮಾಡುವ ಮೇಜಿಗೆ ಕೂರಿಸುತ್ತೇನೆ, ಡಬ್ಬಿಯ ಕೆಳಗೆ ನಿನ್ನ ಹೆಸರೇ ಇರುತ್ತೆ ಅಂದಿದ್ದರು. ಆಮೇಲೆ "ಇದು ಯಂತ್ರಕ್ಕೆ ಬಗ್ಗಲ್ಲಮ್ಮಾ" ಅಂತ ಸಪ್ಪೆ ಮುಖ ಮಾಡಿದರು. ಅಲ್ಲಾ, ಯಂತ್ರಕ್ಕೆ ಬಗ್ಗದ ಡಬ್ಬಿ ಬಂಗಾರದ ಬಣ್ಣ ಬಳಿದುಕೊಂಡು ಅವರ ಮೇಜಿನ ಮೇಲೆ ಹೇಗೆ ಬಂದು ಕೂತಿತು?

ಕನಿ ನೇರವಾಗಿ ಅವರನ್ನೇ ಕೇಳಿದಳು.

"ತಾಟಿಮರ ನಿಮ್ಮಪ್ಪ ನೆಟ್ಟಿದ್ದೇನೇ?" ಅಂದರು ಅಣ್ಣಾಚ್ಚಿ. "ಮರದಲ್ಲಿ ಬಿಡೋದು ಎಲ್ಲರದ್ದೂ. ಹೋಗು, ಅಂಟು ಒಣಗ್ತಿದೆ. ಆಡಿ ಹದಿನೆಂಟಕ್ಕೆ ಬಂದವರಿಗೆ ಮಿಠಾಯಿ ಹಂಚೋಕೆ ಬಾ. ಒಳ್ಳೇ ಸೀರೆ ಉಟ್ಕೋ."

ಆಡಿ ಹದಿನೆಂಟು ಅಂದರೆ ತಮಿಳರ ಆಡಿ ತಿಂಗಳ ಹದಿನೆಂಟನೇ ದಿನದ ಹಬ್ಬ, ಊರಿನ ಪ್ರೆಸ್ಸುಗಳೆಲ್ಲ ಹೊಸ ನಮೂನೆ ಬಿಚ್ಚಿ ತೋರಿಸುವ ದಿನ. ಆವತ್ತು ಯಾರ ಹೆಸರು ಬಂತೋ ಆ ಆಕಾರ ಅವರದ್ದೇ. ಆಮೇಲೆ ಬಾಯಿ ಬಡಿದುಕೊಂಡರೂ ಕೇಳುವವರಿಲ್ಲ. ಅದು ಕನಿಗೂ ಗೊತ್ತಿತ್ತು.

ಆದರೂ ಹೋದಳು. ಮಾವಿನೆಲೆ ತೋರಣದ ಕೆಳಗೆ ತಾಟಿಬೆಲ್ಲದ ಮಿಠಾಯಿಯ ತಟ್ಟೆ ಹಿಡಿದು ನಿಂತಳು.

"ಬಲಗೈಲಿ ಕೊಡೇ," ಎಂದು ಅಣ್ಣಾಚ್ಚಿ ಎಲ್ಲರೆದುರೂ ಗದರಿದರು. "ಶುಭದಿನ ಎಡಗೈ ಚಾಚ್ತಾಳೆ."

ಹುಟ್ಟಿದಾಗಿನಿಂದ ಕೇಳಿದ ಮಾತೇ. ಆದರೆ ಈ ಎಡಗೈ ಮಾಡಿದ್ದನ್ನೇ ಮೇಜಿನ ಮೇಲಿಟ್ಟುಕೊಂಡು ಹೇಳುತ್ತಾರಲ್ಲ... ಅವಳಿಗೆ ತಟ್ಟೆಯನ್ನು ಅಲ್ಲೇ ಎತ್ತಿ ಹಾಕಬೇಕು ಅನ್ನಿಸಿತು. ಮೂಲೆಯಲ್ಲಿ ತವಮಣಿ ನಿಂತಿದ್ದ. ಅವಳು ಮುಖ ತಿರುಗಿಸಿಕೊಂಡಳು.

"ಇದು ನನ್ನದೇ ಕಲ್ಪನೆ," ಎಂದು ಅಣ್ಣಾಚ್ಚಿ ಡಬ್ಬಿ ಎತ್ತಿದರು.

ಮಧುರೆಯಲ್ಲಿ ದೊಡ್ಡ ಮಿಠಾಯಿ ಅಂಗಡಿ ಇಟ್ಟಿದ್ದ ಚೆಲ್ಲತ್ತಾಯಮ್ಮ ಮುಂದೆ ಬಂದರು. "ಚೆನ್ನಾಗಿದೆ. ಮುಚ್ಚಿ ತೋರಿಸಿ ಅಣ್ಣಾಚ್ಚಿ. ನಮ್ಮ ಹುಡುಗಿಯರ ಕೈಗೆ ಬಗ್ಗಬೇಕಲ್ಲ."

ಅಲ್ಲಿಯವರೆಗೆ ನಮೂನೆಗಳನ್ನೆಲ್ಲ ಮುಚ್ಚಿ ಕೊಟ್ಟಿದ್ದವನು ತವಮಣಿ. ಅಣ್ಣಾಚ್ಚಿ ಒಂದನ್ನೂ ಬಿಚ್ಚಿ ನೋಡಿರಲಿಲ್ಲ. ಈಗ ಬಿಚ್ಚಿದರು, ಮಿಠಾಯಿ ತುಂಬಿದರು, ಎಸಳುಗಳನ್ನು ಒಂದರ ಕೆಳಗೊಂದು ತುರುಕಿದರು. ಕೊನೆಯದು ಪಟ್ಟನೆ ಎದ್ದು ನಿಂತಿತು. ಮತ್ತೆ ತುರುಕಿದರು. ನಾಲ್ಕೂ ಎದ್ದವು, ಡಬ್ಬಿ ಮಗುಚಿ ಮಿಠಾಯಿ ನೆಲಕ್ಕೆ ಉರುಳಿತು. ಬಂದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಅಣ್ಣಾಚ್ಚಿಗೆ ರೋಷ ನೆತ್ತಿಗೇರಿತು. "ಲೋ ತವಮಣಿ, ಆ ಹುಡುಗಿಯ ಎಡಗೈ ಮಡಿಕೆ ತೆಗೆದು ಬಲಕ್ಕೆ ತಿರುಗಿಸು ಅಂತ ಬಡ್ಕೊಂಡಿರಲಿಲ್ವೇನೋ?"



"ಯಾವ ಹುಡುಗಿ?" ಚೆಲ್ಲತ್ತಾಯಮ್ಮ ಕೇಳಿದರು.

ಅಣ್ಣಾಚ್ಚಿ ತುಟಿ ಕಚ್ಚಿಕೊಂಡರು. ಉತ್ತರ ಕೊಟ್ಟವನು ತವಮಣಿ. "ಡಬ್ಬಿ ಮಾಡಿದ ಹುಡುಗಿ. ಯಾರು ಅಂದರೆ ಇವರು ಹೆಸರು ಹೇಳಲಿಲ್ಲ, ಅವಳಿಂದ ಕೊಂಡಿದ್ದೀನಿ ಅಂದರು. ನಂಬಿ ಅಚ್ಚು ಮಾಡಿಬಿಟ್ಟೆ, ತಪ್ಪು ನಂದೇ. ಮಡಿಕೆ ತಿರುಗಿಸಿದರೆ ಅವಳ ಗುರುತೇ ಉಳಿಯಲ್ಲ ಅಂತ ಅದನ್ನ ಮಾತ್ರ ಮುಟ್ಟಲಿಲ್ಲ."

ಕನಿ ಅವನತ್ತ ತಿರುಗಿ ನೋಡಿದಳು. 'ನಾನು ಕಳ್ಳ ಅಂದುಕೊಂಡದ್ದು ಇವನನ್ನಾ?'

ತಟ್ಟೆ ಕೆಳಗಿಟ್ಟು ಮುಂದೆ ಬಂದಳು. ಎಡಗೈ ಹೆಬ್ಬೆರಳಿನಿಂದ ಎಸಳುಗಳನ್ನು ಸರಸರನೆ ಒತ್ತಿದಳು. ಡಬ್ಬಿ ಮುಚ್ಚಿತು. ತಲೆಕೆಳಗು ಮಾಡಿ ಅಲುಗಾಡಿಸಿದರೂ ಬಿಚ್ಚಲಿಲ್ಲ.

"ಎಡದಿಂದ ಶುರು ಮಾಡಿದರೆ ಯಾರಿಗಾದರೂ ಬರುತ್ತೆ," ಅಂದಳು. "ಅಣ್ಣಾಚ್ಚಿ, ಮರದಲ್ಲಿ ಬಿಟ್ಟದ್ದಾಗಿದ್ದರೆ ನಿಮಗೂ ಮುಚ್ಚೋಕೆ ಬರಬೇಕಿತ್ತು."

"ನಿನ್ನ ಹೆಸರೇನಮ್ಮ?" ಚೆಲ್ಲತ್ತಾಯಮ್ಮ ಕೇಳಿದರು.

"ಸೆಲ್ವಕನಿ."

"ದೀಪಾವಳಿಗೆ ನನಗೆ ಈ ಡಬ್ಬಿನೇ ಬೇಕು. ಕೆಳಗೆ ಸೆಲ್ವಕನಿ ಅಂತ ಅಚ್ಚಾಗಿರಲಿ. ಆಗಲ್ಲ ಅಂದ್ರೆ ಇವಳನ್ನ ಕರ್ಕೊಂಡು ಪಕ್ಕದ ಪ್ರೆಸ್ಸಿಗೆ ಹೋಗ್ತೀನಿ."

ಅಣ್ಣಾಚ್ಚಿ ತಲೆ ತಗ್ಗಿಸಿ ಹೂಂ ಅಂದರು.

ಹಿತ್ತಲ ಬಾಗಿಲಲ್ಲಿ ತವಮಣಿ ಚಪ್ಪಲಿ ಮೆಟ್ಟುತ್ತಿದ್ದ.

"ಮೊದಲೇ ಹೇಳೋಕೆ ಏನಾಗಿತ್ತು?" ಕನಿಯ ದನಿಯಲ್ಲಿ ಸಿಟ್ಟಿನ್ನೂ ಇತ್ತು. ಕಣ್ಣು ಮಾತ್ರ ತುಂಬಿತ್ತು.

"ಕೂತ್ಕೊಳ್ಳಿ ಅಂದೆ. ಕೂತು ಮಾತಾಡೋಕೆ ಬಂದಿಲ್ಲ ಅಂದ್ರಿ."

"ನೀವ್ಯಾಕೆ ನಕ್ಕಿದ್ದು ಆವತ್ತು?"

ಅವನು ಮೆಟ್ಟಿದ ಚಪ್ಪಲಿ ಮತ್ತೆ ಬಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. "ಡಬ್ಬಿ ಬಿಚ್ಚಿದ ದಿನದಿಂದ ಈ ಕೈ ಯಾರದ್ದು ಅಂತ ಹುಡುಕ್ತಾ ಇದ್ದೆ. ಅದು ತಾನಾಗೇ ಹೊಸಿಲಿಗೆ ಬಂದು ಬೈತಾ ನಿಂತಿತ್ತು. ಖುಷಿ ತಡೆಯೋಕೆ ಆಗಲಿಲ್ಲ."

ಕನಿಯ ಕೆನ್ನೆ ಬಿಸಿಯಾಯಿತು. ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಒಂದು ಮಿಠಾಯಿ ತೆಗೆದು ಚಾಚಿದಳು, ಎಡಗೈಯಲ್ಲೇ.

"ಶುಭದಿನ. ಎಡಗೈ ಇದು... ಯೋಚನೆ ಮಾಡಿ ತಗೊಳ್ಳಿ."

ತವಮಣಿ ಮಿಠಾಯಿ ತಗೊಂಡ. ಕೈಯನ್ನೂ ಬಿಡಲಿಲ್ಲ.

"ಯೋಚನೆ ಮಾಡಿ ಆಗಿದೆ. ನಿಮ್ಮ ಮನೆಗೆ ನಮ್ಮಮ್ಮನ್ನ ಯಾವಾಗ ಕರ್ಕೊಂಡು ಬರಲಿ?"

"ಬಂದಾಗ ಅವರೇ ಕೂತು ಮಾತಾಡಲಿ," ಎಂದು ಕನಿ ಕಣ್ಣೊರೆಸಿಕೊಂಡು ನಕ್ಕಳು. "ನೀವು ನಿಂತೇ ಇರಿ. ಆವತ್ತು ನಕ್ಕಿದ್ದಕ್ಕೆ ಅದೇ ಶಿಕ್ಷೆ."