ಅಮೋಘಿ ಮಲಗಿ ಹೊಡೆದ ಸೈಕಲ್

ಹೊಡೀರಿ ವಿಸಿಲ್! ಇವತ್ತು, 2063ರಲ್ಲಿ, ಅರ್ಧ ದೇಶ ನಿದ್ದೆಯಲ್ಲೂ ಕೆಲಸ ಮಾಡುತ್ತಿದೆ ಎಂದರೆ ಅದಕ್ಕೆ ಕಾರಣ ಒಬ್ಬನೇ. ವಿಜಯಪುರದ ಸಂಗನಬಸು, ಅಂದರೆ ನಾನು. ಕನಸುಟೋಪಿಯನ್ನು ಕಂಡುಹಿಡಿದದ್ದು ಡಾಕ್ಟರ್ ಗುರುಬಾಯಿ ಅಕ್ಕಾರು, ಒಪ್ಪುತ್ತೇನೆ. ಅದನ್ನು ಗೆಲ್ಲಿಸಿದ್ದು ನನ್ನ ಕೈಗುಣ.

ನಾಲ್ಕು ವರ್ಷದ ಹಿಂದೆ ಆ ಟೋಪಿಯನ್ನು ಮೊದಲು ತೊಟ್ಟವನು ನನ್ನ ಸೈಕಲ್ ಜೋಡಿಗಾರ ಅಮೋಘಿ. ಮಧ್ಯಾಹ್ನದ ಹೊತ್ತು, ಪ್ರಯೋಗಾಲಯದ ಮಂಚದ ಮೇಲೆ ಮಲಗಿದ್ದ. ಕಾಲು ಕಲ್ಲಿನಂತೆ ಸ್ಥಿರ, ತುಟಿಯಲ್ಲಿ ಮಾತ್ರ ನಗು. ತಲೆಯೊಳಗೆ ಅವನು ಆಲಮಟ್ಟಿ ಹಿನ್ನೀರಿನ ಪಕ್ಕ ಸೈಕಲ್ ಹೊಡೆಯುತ್ತಿದ್ದ. ದಾರಿ ತೆಳ್ಳಗೆ ನೀರಿನ ಮೇಲೆ ಏರುತ್ತಿತ್ತು, ಚಕ್ರದ ಕೆಳಗೆ ಮೋಡಗಳು ತೇಲುತ್ತಿದ್ದವು.

“ಏನ್ ಗಾಳಿಲೇ ತಮ್ಮಾ!” ಎನ್ನುತ್ತಾ ಎದ್ದ. “ಕುಸುಬಿ ಹೂವಿನ ವಾಸ್ನಿ ಇನ್ನೂ ಮೂಗಿನ್ಯಾಗ ಐತಿ. ಆದ್ರ ಆ ನಾಯಿ ಯಾಕ್ ಬೆನ್ನ ಹತ್ತಿತ್ತು?”

ನಾಯಿಯನ್ನು ಕನಸಿಗೆ ಬಿಟ್ಟವನು ನಾನೇ. “ನಾನು ಬ್ರೇಕ್ ಹಿಡಿದ್ರೆ ಭೂಮಿನೇ ನಿಲ್ಲುತ್ತೆ!” ಎಂದು ಡೈಲಾಗ್ ಹೊಡೆದೆ.

“ಮದ್ಲ ನಿನ್ನ ಬಾಯಿಗೆ ಬ್ರೇಕ್ ಹಾಕು,” ಎಂದರು ಅಕ್ಕಾರು.

ನಮ್ಮದು ಆರುನೂರು ಕಿಲೋಮೀಟರಿನ ಜೋಡಿ ಸೈಕಲ್ ಸ್ಪರ್ಧೆ. ಇಬ್ಬರೂ ಒಟ್ಟಿಗೆ ಗುರಿ ಮುಟ್ಟಬೇಕು. ಅದಕ್ಕೆ ಮುಂಚಿನ ಹತ್ತು ದಿನ ತಾಲೀಮನ್ನು ಇಳಿಸುತ್ತಾ ಬರಬೇಕು. ಸವೆದ ಸ್ನಾಯು ಕೂಡಿಕೊಳ್ಳುವುದು ಆಗಲೇ. ಸೋಮಾರಿಯಾದ ನನಗೆ ಅದು ಹಬ್ಬ, ಅಮೋಘಿಗೆ ಜೈಲು. ಕೂತರೆ ಕಾಲಿಗೆ ತುಕ್ಕು ಹಿಡಿಯುತ್ತದೆಂದು ಹೆದರಿ, ಹಿಂದೆ ಎರಡು ಸಲ ಕದ್ದು ಸೈಕಲ್ ಹೊಡೆದು, ಸ್ಪರ್ಧೆಯ ನಡುವೆಯೇ ಕುಸಿದಿದ್ದ. ವಯಸ್ಸು ಮೂವತ್ತೊಂಬತ್ತು, ಮೊಣಕಾಲು ಸವೆದಿತ್ತು. ಇದೇ ಕೊನೆಯ ಅವಕಾಶ.

ಅದಕ್ಕೇ ಟೋಪಿ. ಕನಸು ಕಾಣುವಾಗ ಮೆದುಳು ಕಾಲಿಗೆ ಹೋಗುವ ಅಪ್ಪಣೆಯನ್ನು ತಾನೇ ತಡೆಯುತ್ತದೆ. ಹತ್ತಿಬಟ್ಟೆಯೊಳಗಿನ ಸಣ್ಣ ತಂತಿಗಳು ಆ ಕನಸಿಗೆ ಒಂದು ದಾರಿ ಕೊಡುತ್ತವೆ. ಮನಸ್ಸು ಓಡುತ್ತದೆ, ಮೈ ಮಲಗುತ್ತದೆ. ದಿನದಿನದ ದಾರಿಯನ್ನು ಟೋಪಿಗೆ ತುಂಬುವ ಕೆಲಸ ನನ್ನದಾಗಿತ್ತು.

ಸ್ಪರ್ಧೆಯ ದಿನ ಅಮೋಘಿ ಗುರಿ ಮುಟ್ಟಿದ. ಕೊನೆಯ ಐವತ್ತು ಕಿಲೋಮೀಟರ್ ನನ್ನನ್ನೇ ಎಳೆದುಕೊಂಡು ಬಂದ. ಅಕ್ಕಾರು ಆ ಹತ್ತು ದಿನಗಳ ಅವನ ಎದೆಬಡಿತದ ಪಟ ತೋರಿಸಿದರು.

“ನೋಡ್ರಿ, ಮದಲಿನ ಆರು ದಿನ ಅಷ್ಟಕ್ಕಷ್ಟ. ಕಡೀ ನಾಲ್ಕು ದಿನದಾಗ ಹೆಂಗ ಇಳದೈತಿ! ಟೋಪಿಗೆ ಮೈ ಹೊಂದಿಕೊಂಡೈತಿ.”

ಆ ಪಟ ಊರೂರು ಸುತ್ತಿತು. ಗುಮಾಸ್ತರು ನಿದ್ದೆಯಲ್ಲಿ ಕಡತ ನೋಡತೊಡಗಿದರು, ಮಕ್ಕಳು ನಿದ್ದೆಯಲ್ಲಿ ಪಾಠ ಓದತೊಡಗಿದರು. ಸುಮ್ಮನೆ ಮಲಗುವುದು ನಾಚಿಕೆಯ ವಿಷಯವಾಯಿತು.

ನಿನ್ನೆ ಮಧ್ಯಾಹ್ನ ಅಕ್ಕ ಶಿವಲೀಲಾಳ ಮನೆಗೆ ಹೋದೆ. ಅವಳ ಆರು ವರ್ಷದ ಮಗಳು ಟೋಪಿ ತೊಟ್ಟು ಮಲಗಿ, ನಿದ್ದೆಯಲ್ಲೇ ಮಗ್ಗಿ ಹೇಳುತ್ತಿದ್ದಳು. ಹುಬ್ಬು ಗಂಟಿಕ್ಕಿತ್ತು. ನಾನು ಮೆಲ್ಲಗೆ ಟೋಪಿಯ ವೈರು ಕಿತ್ತೆ. ಏಳಾರಲೆಗೆ ಬಾಯಿ ನಿಂತಿತು, ಹುಬ್ಬು ಸಡಿಲವಾಯಿತು.

“ಯಾಕೋ ಕಿತ್ತಿ? ನಾಳೆ ಪರೀಕ್ಷಾ ಐತಿ ಆಕಿಗೆ!” ಎಂದಳು ಅಕ್ಕ.

ಡೈಲಾಗ್ ಬದಿಗಿಟ್ಟೆ. ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ.

ಸ್ಪರ್ಧೆಗೆ ಮುಂಚಿನ ಆ ಹತ್ತರಲ್ಲಿ ಏಳನೆಯ ದಿನ, ಅಮೋಘಿ ಎದ್ದು ಪೆಚ್ಚಾಗುವುದನ್ನು ನೋಡಿ ನಗಬೇಕೆಂದು ಟೋಪಿಯ ವೈರು ಕಿತ್ತಿದ್ದೆ. ಎದ್ದವನು ಬೈಯಲಿಲ್ಲ. ನಿಧಾನಕ್ಕೆ ಮೈ ಮುರಿದ.

“ಇವತ್ತ ದಾರಿನ ಇರ್ಲಿಲ್ಲೋ ತಮ್ಮಾ. ಗಾಳಿನೂ ಇಲ್ಲ, ಏನೂ ಇಲ್ಲ. ಸಣ್ಣಾಂವ ಇದ್ದಾಗ ಹಿಂಗ ಮಲಗಿದ್ನಿ. ನಾಳೆನೂ ಇದ ಕನಸು ಹಾಕು.”

ಹಾಕಿದೆ. ಅಕ್ಕಾರು ಪಟದಲ್ಲಿ ತೋರಿಸಿದ ಆ ನಾಲ್ಕೂ ದಿನ, ವೈರು ನನ್ನ ಜೇಬಿನಲ್ಲಿತ್ತು.